ಹೊಲದ ರೊಕ್ಕ ಬ್ಯಾಂಕಾಕಿಗೆ ಹೋದರೆ

ಹೋದ ತಿಂಗಳು ಬಂದ ಪತ್ರಗಳಲ್ಲಿ ಮೂರನ್ನು ಬೇರೆ ತೆಗೆದಿಟ್ಟಿದ್ದೆ. ಒಂದು ಆಳಂದದ್ದು, ಒಂದು ಅಫಜಲಪುರದ್ದು, ಇನ್ನೊಂದು ಜೇವರ್ಗಿಯದು. ಮೂರೂ ನಮ್ಮ ಕಲಬುರಗಿ ಜಿಲ್ಲೆಯ ತಾಲೂಕುಗಳೇ. ಬರೆದವರು ಒಬ್ಬರಿಗೊಬ್ಬರು ಗೊತ್ತಿಲ್ಲ, ಆದರೆ ಕೇಳಿದ್ದು ಹೆಚ್ಚುಕಡಿಮೆ ಒಂದೇ: ದೇಶ ದಾಟಿ ಬರುವ ಅಥವಾ ಹೋಗುವ ರೊಕ್ಕಕ್ಕೆ ತೆರಿಗೆ ಎಲ್ಲಿ ಕಟ್ಟಬೇಕು, ಯಾರು ಕಟ್ಟಬೇಕು?

ಮೊದಲೆಲ್ಲಾ ನಮ್ಮ ಕಡೆ 'ಹೊರಗ ಹೋಗ್ಯಾನ' ಅಂದರೆ ಪುಣೆ, ಮುಂಬೈ, ಹೈದರಾಬಾದ್ ಅಂತಲೇ ಅರ್ಥ. ಈಗ ಅದೇ ಮಾತಿಗೆ ರಿಯಾದ್, ದುಬೈ, ಸಿಂಗಪುರ, ಬ್ಯಾಂಕಾಕ್ ಕೂಡ ಸೇರಿವೆ. ಮಕ್ಕಳು ಹೋದರು, ಅವರ ಹಿಂದೆ ಕಾಗದಪತ್ರ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ನಿವೃತ್ತಿ ಆದ ಮೇಲೂ ಫೋನು ನಿಂತಿಲ್ಲ. ಬನ್ನಿ, ಒಂದೊಂದೇ ನೋಡೋಣ.

ಆಳಂದದ ಪತ್ರ: ಅಣ್ಣ ಕಳಿಸಿದ್ದು ಯಾರ ಖಾತೆಗೆ?

ಆಳಂದದ ಹುಡುಗಿ ಬರೆದಿದ್ದಾಳೆ. ಅಣ್ಣ ಸೌದಿಯಲ್ಲಿ ಎಲೆಕ್ಟ್ರಿಷಿಯನ್. ಇವಳ ಮದುವೆಗೆ ಅಂತ 6 ಲಕ್ಷ ಕಳಿಸಿದ್ದಾನೆ. ಅಪ್ಪನ ಖಾತೆ ಬಹಳ ದಿನ ವಹಿವಾಟಿಲ್ಲದೆ ನಿಂತುಹೋಗಿತ್ತು, ಹಾಗಾಗಿ ಕಾಕಾನ ಮಗನ ಖಾತೆಗೆ ಹಾಕಿದ. ಈಗ ಯಾರೋ ಹೆದರಿಸಿದ್ದಾರೆ: 'ಪರದೇಶದ ರೊಕ್ಕ, ಅರ್ಧ ಟ್ಯಾಕ್ಸಿಗೇ ಹೋಗ್ತದ.' ಮನೆಯಲ್ಲಿ ಮದುವೆ ಮುಂದೂಡುವ ಮಾತು ಶುರುವಾಗಿದೆಯಂತೆ.

ತಂಗೀ, ಮದುವೆ ಮುಂದೂಡಬೇಡಿ. ನಿಮ್ಮ ಅಣ್ಣ ವರ್ಷದಲ್ಲಿ ಹೆಚ್ಚಿನ ದಿನ ಸೌದಿಯಲ್ಲೇ ಇರುತ್ತಾನೆ. ನಮ್ಮ ಆದಾಯ ತೆರಿಗೆ ಕಾನೂನಿನ ಕಣ್ಣಲ್ಲಿ ಅವನು ಅನಿವಾಸಿ. ಅಲ್ಲಿ ದುಡಿದು, ಅಲ್ಲಿಯ ಖಾತೆಗೆ ಬಿದ್ದ ಸಂಬಳಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಆಮೇಲೆ ಅದರಲ್ಲಿ ಒಂದು ಭಾಗ ಊರಿಗೆ ಕಳಿಸಿದರೆ, ಕಳಿಸಿದ್ದಕ್ಕೂ ಅವನು ಇಲ್ಲಿ ಕಟ್ಟುವುದೇನೂ ಇಲ್ಲ. 2020ರ ಬಜೆಟ್‌ನಲ್ಲಿ 'ಎಲ್ಲೂ ತೆರಿಗೆ ಕಟ್ಟದ ಭಾರತೀಯ ಪ್ರಜೆ ಇಲ್ಲಿಯ ನಿವಾಸಿ' ಎಂಬ ನಿಯಮ ಬಂದಾಗ ಗಲ್ಫ್‌ನಲ್ಲಿರುವವರೆಲ್ಲಾ ಗಾಬರಿಯಾಗಿದ್ದರು. ಅಲ್ಲಿ ದುಡಿಯಲು ಹೋದವರ ಅಲ್ಲಿಯ ಸಂಬಳಕ್ಕೆ ಕೈ ಹಾಕುವುದಿಲ್ಲ ಅಂತ ಹಣಕಾಸು ಸಚಿವಾಲಯ 2020ರ ಫೆಬ್ರವರಿ 2ರಂದೇ ಸ್ಪಷ್ಟಪಡಿಸಿತು. ಈಗ ಆ ನಿಯಮ ಇರುವುದು ಭಾರತದ ಆದಾಯವೇ 15 ಲಕ್ಷ ದಾಟಿದವರಿಗೆ.

ಇನ್ನು ಪಡೆದವರ ಲೆಕ್ಕ. ಅಣ್ಣ ತಂಗಿಗೆ, ಮಗ ತಂದೆತಾಯಿಗೆ, ಗಂಡ ಹೆಂಡತಿಗೆ ಕೊಟ್ಟದ್ದು ಎಷ್ಟೇ ಇದ್ದರೂ ಪಡೆದವರ ಆದಾಯ ಅಲ್ಲ. ತೊಡಕಿರುವುದು ಕಾಕಾನ ಮಗನ ವಿಷಯದಲ್ಲಿ. ನಮ್ಮ ಮನೆಗಳಲ್ಲಿ ಕಾಕಾನ ಮಗ ಅಂದರೂ ತಮ್ಮನೇ. ಕಾನೂನಿನ 'ಸಂಬಂಧಿ' ಪಟ್ಟಿಯಲ್ಲಿ ಅವನಿಲ್ಲ. ಪಟ್ಟಿಯಲ್ಲಿ ಇಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದರೆ ಪೂರ್ತಿ ಮೊತ್ತವೇ ಪಡೆದವನ ಆದಾಯ ಆಗುತ್ತದೆ. ಇದರಲ್ಲೊಂದು ವಿಚಿತ್ರ ಇದೆ. ಕಾಕಾ ಅಣ್ಣನ ಮಗನಿಗೆ ಕೊಟ್ಟರೆ ತೆರಿಗೆ ಇಲ್ಲ, ಯಾಕಂದರೆ ತಂದೆತಾಯಿಯ ಒಡಹುಟ್ಟಿದವರು ಪಟ್ಟಿಯಲ್ಲಿದ್ದಾರೆ. ಅದೇ ಅಣ್ಣನ ಮಗ ಕಾಕಾನಿಗೆ ಕೊಟ್ಟರೆ ತೆರಿಗೆ ಇದೆ!

ನಿಮ್ಮ ಅಣ್ಣ ಅವನಿಗೆ ಉಡುಗೊರೆ ಕೊಟ್ಟಿಲ್ಲ, ಅವನ ಕೈಯಲ್ಲಿ ನಿಮಗೆ ಕಳಿಸಿದ್ದಾನೆ ಅಷ್ಟೇ. ಆದರೆ ಪಾಸ್‌ಬುಕ್ ಈ ಕಥೆ ಹೇಳುವುದಿಲ್ಲ, ಕಾಗದ ಹೇಳಬೇಕು. ಆದ್ದರಿಂದ ಈ ವಾರವೇ ಮೂರು ಕೆಲಸ ಮಾಡಿ. ಒಂದು, ಆ 6 ಲಕ್ಷವನ್ನು ಬ್ಯಾಂಕಿನ ಮೂಲಕವೇ ನಿಮ್ಮ ಅಥವಾ ಅಪ್ಪನ ಖಾತೆಗೆ ವರ್ಗಾಯಿಸಿಕೊಳ್ಳಿ. ನಗದು ತೆಗೆದು ಕೈಗೆ ಕೊಡುವುದು ಬೇಡ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೇ ಕಾನೂನಿನ ಅಡ್ಡಿ ಇದೆ. ಎರಡು, 'ಇದು ತಂಗಿಯ ಮದುವೆಗೆ ಕಳಿಸಿದ್ದು, ಇವನ ಖಾತೆಯ ಮೂಲಕ ಹೋಗುತ್ತಿದೆ' ಅಂತ ಅಣ್ಣನಿಂದ ಸಹಿ ಮಾಡಿದ ಪತ್ರ ತರಿಸಿ. ಮೂರು, ಅಪ್ಪನ ಖಾತೆಗೆ ಕೆವೈಸಿ ಕೊಟ್ಟು ಮತ್ತೆ ಚಾಲೂ ಮಾಡಿಸಿ. ಮುಂದಿನದ್ದು ನೇರವಾಗಿ ಅಲ್ಲಿಗೇ ಬರಲಿ.

ಪತ್ರದ ಕೊನೆಗೆ ಇನ್ನೊಂದು ಸಾಲಿದೆ: 'ಅಣ್ಣ ಹೊಲ ತಗೋಬೇಕು ಅಂತಾನ.' ಅನಿವಾಸಿಯಾಗಿರುವ ತನಕ ಅವನ ಹೆಸರಿಗೆ ಕೃಷಿ ಜಮೀನು ಖರೀದಿ ಆಗುವುದಿಲ್ಲ, ವಿದೇಶಿ ವಿನಿಮಯದ ಕಾನೂನು ಅದನ್ನು ತಡೆಯುತ್ತದೆ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಮನೆ ಅಥವಾ ಪ್ಲಾಟು ಕೊಳ್ಳಬಹುದು, ಹೊಲ ಮಾತ್ರ ಇಲ್ಲ. 'ತಮ್ಮನ ಹೆಸರಿಗೆ ತಗೋತೀನಿ' ಅಂದರೆ ಒಂದು ಮಾತು ಮೊದಲೇ ತಿಳಿದಿರಲಿ. ಅಣ್ಣ ರೊಕ್ಕವನ್ನು ನಿಜವಾಗಿ ತಮ್ಮನಿಗೆ ಕೊಟ್ಟರೆ ಹೊಲ ತಮ್ಮನದೇ. ಪಹಣಿಯಲ್ಲಿ ತಮ್ಮನ ಹೆಸರು, ಮಾಲೀಕ ನಾನು ಅಂದರೆ ಅದು ಬೇನಾಮಿ ಕಾನೂನಿಗೆ ಸಿಕ್ಕಿಕೊಳ್ಳುವ ದಾರಿ. ಹತ್ತು ವರ್ಷ ಬಿಸಿಲಲ್ಲಿ ದುಡಿದವನು ವಾಪಸ್ ಬಂದಾಗ ಅಣ್ಣತಮ್ಮಂದಿರು ಕಟ್ಟೆಯ ಮೇಲೆ ಪಂಚಾಯಿತಿ ಕೂಡಿಸಿದ್ದನ್ನು ನಾನು ಒಂದಲ್ಲ, ನಾಲ್ಕು ಮನೆಯಲ್ಲಿ ನೋಡಿದ್ದೇನೆ.

ಅಫಜಲಪುರದ ಪತ್ರ: ವಾಪಸ್ ಬಂದವರ ಎರಡು ಲೆಕ್ಕ

ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರಿನ ಕಾಕಾ ಒಬ್ಬರು 22 ವರ್ಷ ಗಲ್ಫ್‌ನಲ್ಲಿದ್ದು 2025ರ ನವೆಂಬರ್ 20ಕ್ಕೆ ಕಾಯಂ ಆಗಿ ಊರಿಗೆ ಬಂದಿದ್ದಾರೆ. ಕಬ್ಬು ಹಚ್ಚಿದ್ದಾರೆ. ಎನ್‌ಆರ್‌ಇ ಖಾತೆಯಲ್ಲಿ ಎಫ್‌ಡಿ ಇದೆ, ಕಂಪನಿ ಕೊಟ್ಟ ಸೇವಾ ಕೊನೆಯ ಮೊತ್ತ ಇನ್ನೂ ಅಲ್ಲಿಯ ಬ್ಯಾಂಕಿನಲ್ಲಿದೆ. 'ತರಲೋ ಬೇಡವೋ' ಅಂತ ಕೇಳಿದ್ದಾರೆ.

ಕಾಕಾ, ನಿಮ್ಮದು ಎರಡು ಗಡಿಯಾರ ನೋಡಬೇಕಾದ ಲೆಕ್ಕ. ತೆರಿಗೆಯವರ ಗಡಿಯಾರ ಒಂದು, ಬ್ಯಾಂಕಿನವರದು ಇನ್ನೊಂದು.

ತೆರಿಗೆಯವರು ದಿನ ಎಣಿಸುತ್ತಾರೆ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ 182 ದಿನ ಭಾರತದಲ್ಲಿದ್ದರೆ ನಿವಾಸಿ. ಇದಲ್ಲದೆ, ಆ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷ ಸೇರಿ 365 ದಿನ ಇದ್ದರೂ ನಿವಾಸಿಯೇ. ನೀವು ನವೆಂಬರ್ 20ರಿಂದ ಮಾರ್ಚ್ 31ರ ತನಕ 132 ದಿನ ಇಲ್ಲಿದ್ದಿರಿ. ಅದಕ್ಕೂ ಮೊದಲು ಆ ವರ್ಷ ಬಂದಿರಲಿಲ್ಲ ಅಂತ ಬರೆದಿದ್ದೀರಿ. ಹಿಂದಿನ ನಾಲ್ಕು ವರ್ಷ ವರ್ಷಕ್ಕೊಂದು ತಿಂಗಳ ರಜೆ ಅಂದರೆ 120 ದಿನದ ಆಸುಪಾಸು. 365 ಮುಟ್ಟಲಿಲ್ಲ. ಹಾಗಾಗಿ 2025-26ಕ್ಕೆ ನೀವು ಅನಿವಾಸಿಯೇ.

2026-27ರಿಂದ ನಿವಾಸಿ ಆಗುತ್ತೀರಿ, ಆದರೆ ಒಮ್ಮೆಲೇ ಪೂರ್ತಿ ಅಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದವರಿಗೆ ನಡುವೆ ಒಂದು ಮೆಟ್ಟಿಲು ಇದೆ. ನಿಮ್ಮ ಲೆಕ್ಕದಲ್ಲಿ 2026-27 ಮತ್ತು 2027-28 ಆ ಮೆಟ್ಟಿಲಿನ ವರ್ಷಗಳು. ಈ ಎರಡು ವರ್ಷ ಅಲ್ಲಿಯ ಬ್ಯಾಂಕಿನ ಬಡ್ಡಿಯಂಥ ಹೊರಗಿನ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. 2028-29ರಿಂದ ಜಗತ್ತಿನ ಎಲ್ಲಿಯ ಆದಾಯವಾದರೂ ಇಲ್ಲಿ ತೋರಿಸಬೇಕು. ಅಲ್ಲಿಯ ಖಾತೆ ಮುಚ್ಚುವುದಿದ್ದರೆ ಅಷ್ಟರೊಳಗೆ ಮುಚ್ಚಿ ತಂದುಬಿಡಿ. ಹಳೆಯ ಉಳಿತಾಯ ತಂದಿದ್ದಕ್ಕೇ ಅಂತ ತೆರಿಗೆ ಬೀಳುವುದಿಲ್ಲ, ಅದು ಎಂದೋ ನಿಮ್ಮ ಕೈ ಸೇರಿದ ರೊಕ್ಕ.

ಬ್ಯಾಂಕಿನ ಗಡಿಯಾರ ಮಾತ್ರ ದಿನ ಎಣಿಸುತ್ತಾ ಕೂರುವುದಿಲ್ಲ. ಕಾಯಂ ಆಗಿ ಇರಲು ಬಂದಿರಿ ಅಂದರೆ ಅಂದಿನಿಂದಲೇ ನೀವು ಇಲ್ಲಿಯವರು. ಎನ್‌ಆರ್‌ಇ ಖಾತೆಯನ್ನು ಸಾದಾ ಖಾತೆಯಾಗಿ ಬದಲಿಸಬೇಕು, ಅಥವಾ ಆರ್‌ಎಫ್‌ಸಿ ಖಾತೆ ತೆರೆದು ವಿದೇಶಿ ಕರೆನ್ಸಿಯಲ್ಲೇ ಇಡಬೇಕು. ಎಫ್‌ಡಿ ಅವಧಿ ಮುಗಿಯುವ ತನಕ ಹಳೆಯ ದರದಲ್ಲಿ ಮುಂದುವರಿಯಬಹುದು, ಆದರೆ ನೀವು ಬಂದ ದಿನದಿಂದ ಆ ಬಡ್ಡಿಗೆ ಇದ್ದ ವಿನಾಯಿತಿ ಮುಗಿಯಿತು. 'ತೆರಿಗೆಗೆ ನಾನಿನ್ನೂ ಅನಿವಾಸಿ, ಹಾಗಾಗಿ ಬಡ್ಡಿಗೂ ಮಾಫಿ' ಅಂತ ಬಹಳ ಮಂದಿ ತಿಳಿದಿರುತ್ತಾರೆ. ಎನ್‌ಆರ್‌ಇ ಬಡ್ಡಿಗೆ ನಡೆಯುವುದು ಬ್ಯಾಂಕಿನ ಗಡಿಯಾರ. ನಾಳೆಯೇ ಶಾಖೆಗೆ ಹೋಗಿ ಅರ್ಜಿ ಕೊಡಿ.

ಇನ್ನೊಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್‌ಗಳ ನಂಬರು ಬದಲಾಗಿವೆ, ದಿನ ಎಣಿಸುವ ಮೂಲ ಪದ್ಧತಿ ಬದಲಾಗಿಲ್ಲ.

ಜೇವರ್ಗಿಯ ಪತ್ರ: 'ನಮ್ಮ ಹೊಲಕ್ಕ ಅಲ್ಲಿ ಯಾಕ್ರೀ ಟ್ಯಾಕ್ಸು?'

ಮೂರನೆಯದು ಪತ್ರ ಅನ್ನುವುದಕ್ಕಿಂತ ಫೋನು. ಮೊಮ್ಮಗನ ಕೈಯಿಂದ ನಾಲ್ಕು ಸಾಲು ಬರೆಸಿ, ಕೆಳಗೆ ನಂಬರು ಕೊಟ್ಟಿದ್ದರು. ನಾನೇ ಮಾಡಿದೆ.

'ಅಕ್ಕಾರ, ನಮ್ಮ ಮಗಳು ಬ್ಯಾಂಕಾಕದಾಗ ಇರ್ತಾಳ್ರೀ. ಅಳಿಯಂದು ಕಂಪನಿ ಕೆಲಸ. ಆರು ವರ್ಷ ಆಯ್ತು. ಅಲ್ಲಿ ಫ್ಲ್ಯಾಟ್ ತಗೊಳ್ಳಾಕತ್ತಾರ, ಮೂವತ್ತು ಲಕ್ಷ ಕಡಿಮಿ ಬಿದ್ದಾವಂತ. ನಾಕ ಎಕರೆ ಮಾರಿ ಕೊಡಬೇಕಂತ ಮಾಡೀನಿ. ಆಕಿ ಅಂತಾಳ, ಅಲ್ಲಿ ರೊಕ್ಕ ಒಳಗ ತಂದ್ರ ಟ್ಯಾಕ್ಸ್ ಅಂತ. ನಮ್ಮ ತೊಗರಿ ಹೊಲದ ರೊಕ್ಕಕ್ಕ ಆ ದೇಶದಾಗ ಯಾಕ್ರೀ ಟ್ಯಾಕ್ಸು?'

ಬಹಳ ಸರಿಯಾದ ಪ್ರಶ್ನೆ. ಥೈಲ್ಯಾಂಡಿನ ಪದ್ಧತಿ ನಮ್ಮದಕ್ಕಿಂತ ಬೇರೆ. ನಾವು ಆದಾಯ ಹುಟ್ಟಿದಾಗ ನೀನು ಎಲ್ಲಿಯವನು ಅಂತ ಕೇಳುತ್ತೇವೆ. ಅವರು ಹೊರಗಿನ ಆದಾಯಕ್ಕೆ, ಅದು ತಮ್ಮ ದೇಶದ ಒಳಗೆ ಬಂದಾಗ ತೆರಿಗೆ ಕೇಳುತ್ತಾರೆ. ಜನವರಿಯಿಂದ ಡಿಸೆಂಬರ್ ಒಳಗೆ ಒಟ್ಟು 180 ದಿನ ಅಲ್ಲಿದ್ದವರು ಅವರ ಲೆಕ್ಕಕ್ಕೆ ನಿವಾಸಿ. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ.

ಹಿಂದೆ ಇದರಲ್ಲಿ ಒಂದು ಸಡಿಲ ಇತ್ತು. ಹೊರಗಿನ ಆದಾಯವನ್ನು ಗಳಿಸಿದ ವರ್ಷವೇ ತಂದರೆ ತೆರಿಗೆ, ಮುಂದಿನ ವರ್ಷ ತಂದರೆ ಇಲ್ಲ. ಹಾಗಾಗಿ ಅಲ್ಲಿರುವ ವಿದೇಶಿಯರು ಡಿಸೆಂಬರ್ ಕಳೆಯಲಿ ಅಂತ ಕಾಯ್ದು, ಜನವರಿಯಲ್ಲಿ ತರುತ್ತಿದ್ದರು. 2023ರ ಸೆಪ್ಟೆಂಬರ್ 15ರಂದು ಅಲ್ಲಿಯ ಕಂದಾಯ ಇಲಾಖೆ 161ನೇ ಆದೇಶ ಹೊರಡಿಸಿ ಆ ದಾರಿ ಮುಚ್ಚಿತು. ಅವರ ಬೌದ್ಧ ಶಕೆಯಲ್ಲಿ ಅದು 2566ನೇ ಇಸವಿ, ಅದಕ್ಕೇ ಕಾಗದದ ಮೇಲೆ 161/2566 ಅಂತ ಇರುತ್ತದೆ. 2024ರ ಜನವರಿ 1ರಿಂದ, ಯಾವ ವರ್ಷ ತಂದರೂ ಹೊರಗಿನ ಆದಾಯಕ್ಕೆ ತೆರಿಗೆ. 2023ರ ನವೆಂಬರ್‌ನಲ್ಲೇ ಇನ್ನೊಂದು ಆದೇಶ ಬಂದು, 2024ಕ್ಕೂ ಮೊದಲು ಗಳಿಸಿದ್ದಕ್ಕೆ ಇದು ಅನ್ವಯಿಸುವುದಿಲ್ಲ ಅಂತ ಹೇಳಿತು.

ದರ ಮೆಟ್ಟಿಲು ಮೆಟ್ಟಿಲಾಗಿ ಇದೆ. ನಿವ್ವಳ ಆದಾಯದ ಮೊದಲ 1,50,000 ಬಾತ್‌ಗೆ ಇಲ್ಲ, 3 ಲಕ್ಷದ ತನಕ ಶೇ 5, 5 ಲಕ್ಷದ ತನಕ ಶೇ 10, ಹೀಗೆ ಏರುತ್ತಾ 50 ಲಕ್ಷ ಬಾತ್ ದಾಟಿದ್ದಕ್ಕೆ ಶೇ 35. ಅಲ್ಲಿಯ ಸಂಬಳದ ಮೇಲೆ ಇದು ಸೇರುವುದರಿಂದ, ಸಂಬಳ ಚೆನ್ನಾಗಿರುವವರಿಗೆ ತಂದ ಆದಾಯ ಮೇಲಿನ ಮೆಟ್ಟಿಲಿಗೇ ಬೀಳುತ್ತದೆ. ದೀರ್ಘಾವಧಿ ವೀಸಾದ ಕೆಲವು ವರ್ಗದವರಿಗೆ ವಿನಾಯಿತಿ ಇದೆ. ನಿಮ್ಮ ಅಳಿಯನದು ಸಾದಾ ಕೆಲಸದ ವೀಸಾ.

ಇಷ್ಟು ಹೇಳಿ ನಾನು ತಾಯಿಗೆ ಕೇಳಿದೆ: 'ಪಹಣಿ ಯಾರ ಹೆಸರಿಲೆ ಅದ ರೀ?'

ಇಡೀ ಉತ್ತರ ನಿಂತಿರುವುದು ಈ ಪ್ರಶ್ನೆಯ ಮೇಲೆ. ಹೊಲ ತಾಯಿಯೊಬ್ಬರದೇ ಆಗಿದ್ದರೆ ಮಾರಿ ಬಂದದ್ದು ತಾಯಿಯ ರೊಕ್ಕ. ಅದನ್ನು ಮಗಳಿಗೆ ಕೊಟ್ಟರೆ ಉಡುಗೊರೆ. ಥೈಲ್ಯಾಂಡಿನಲ್ಲಿ ತಂದೆತಾಯಿ ಮಕ್ಕಳಿಗೆ ಕೊಟ್ಟದ್ದು ವರ್ಷಕ್ಕೆ 2 ಕೋಟಿ ಬಾತ್ ಒಳಗಿದ್ದರೆ ತೆರಿಗೆ ಇಲ್ಲ, ದಾಟಿದ್ದಕ್ಕೆ ಶೇ 5. ಮೂವತ್ತು ಲಕ್ಷ ರೂಪಾಯಿ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಪಹಣಿಯಲ್ಲಿ ಮಗಳ ಹೆಸರೂ ಇದ್ದರೆ ಲೆಕ್ಕ ಬೇರೆ. ಆಕೆಯ ಪಾಲಿನ ಮಾರಾಟದ ಲಾಭ ಆಕೆಯದೇ ಹೊರಗಿನ ಆದಾಯ. ಊರು ಬಿಟ್ಟು ದೂರ ಇರುವ ಹೊಲ ಮಾರಿದರೆ ನಮ್ಮಲ್ಲಿ ಬಂಡವಾಳ ಲಾಭದ ತೆರಿಗೆ ಇಲ್ಲ. 10,000ದಿಂದ 1 ಲಕ್ಷ ಜನಸಂಖ್ಯೆಯ ಪಟ್ಟಣದ ಗಡಿಯಿಂದ 2 ಕಿಲೋಮೀಟರ್ ಆಚೆ ಇರಬೇಕು ಅಷ್ಟೇ. ಜೇವರ್ಗಿ, ಆಳಂದ, ಅಫಜಲಪುರ ಮೂರೂ ಈ ಗುಂಪಿನವೇ. ಕಲಬುರಗಿ ನಗರಕ್ಕಾದರೆ 6 ಕಿಲೋಮೀಟರ್. ಭಾರತ ಮತ್ತು ಥೈಲ್ಯಾಂಡ್ ನಡುವೆ ಎರಡು ಕಡೆ ತೆರಿಗೆ ತಪ್ಪಿಸುವ ಒಪ್ಪಂದ ಇದೆ ನಿಜ. ಆದರೆ ಇಲ್ಲಿ ಕಟ್ಟಿದ್ದನ್ನು ಅಲ್ಲಿ ಕಳೆಯುವುದು ಒಪ್ಪಂದದ ಕೆಲಸ. ಇಲ್ಲಿ ಕಟ್ಟಿದ್ದೇ ಸೊನ್ನೆ ಆದರೆ ಅಲ್ಲಿ ಕಳೆಯಲು ಏನಿರುತ್ತದೆ? ತೊಗರಿಯ ಪಾಲಿನ ದುಡ್ಡೂ ಹಾಗೇ. ಇಲ್ಲಿ ಕೃಷಿ ಆದಾಯಕ್ಕೆ ಮಾಫಿ ಅಂತ ಅಲ್ಲಿಯವರು ಮಾಫಿ ಮಾಡಬೇಕಿಲ್ಲ.

'ನನ್ನ ಒಬ್ಬಾಕಿ ಹೆಸರಿಲೇ ಅದ್ರೀ, ಅವರಪ್ಪ ನನ್ನ ಹೆಸರಿಗೆ ಬರದಿದ್ರು' ಅಂದರು ತಾಯಿ. ಹಾಗಾದರೆ ಆ ಹೆದರಿಕೆ ಬೇಡ. ಕೊಡುವಾಗ ಒಂದು ಉಡುಗೊರೆ ಪತ್ರ ಮಾಡಿಸಿ. ಕ್ರಯಪತ್ರದ ಪ್ರತಿ, ಪಹಣಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆಗಿಟ್ಟು ಇಂಗ್ಲಿಷಿನ ಪ್ರತಿ ಮಗಳಿಗೆ ಕಳಿಸಿ. ವಿದೇಶಿಯರು ಅಲ್ಲಿ ಫ್ಲ್ಯಾಟ್ ಕೊಳ್ಳಬೇಕಾದರೆ ಹೊರಗಿನಿಂದ ವಿದೇಶಿ ಕರೆನ್ಸಿ ಬಂದದ್ದಕ್ಕೆ ಬ್ಯಾಂಕಿನ ಕಾಗದ ಹೇಗೂ ಬೇಕು.

ಕಳಿಸುವಾಗ ಇಲ್ಲಿಯ ಬ್ಯಾಂಕು ಕಡಿಯುವುದೂ ಒಂದಿದೆ. ವರ್ಷಕ್ಕೆ ಒಬ್ಬರು ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. ಉಡುಗೊರೆಯಾಗಿ ಕಳಿಸಿದ್ದು 10 ಲಕ್ಷ ರೂಪಾಯಿ ದಾಟಿದರೆ, ದಾಟಿದ್ದರ ಮೇಲೆ ಶೇ 20 ಟಿಸಿಎಸ್. 30 ಲಕ್ಷ ಕಳಿಸಿದರೆ 4 ಲಕ್ಷ ಬ್ಯಾಂಕು ತೆಗೆದಿಡುತ್ತದೆ. ಇದು ಹೋಗುವ ರೊಕ್ಕ ಅಲ್ಲ. ರಿಟರ್ನ್ ಸಲ್ಲಿಸಿದರೆ, ಬೇರೆ ತೆರಿಗೆ ಬಾಕಿ ಇಲ್ಲದಿದ್ದರೆ, ವಾಪಸ್ ಬರುತ್ತದೆ. ಆದರೆ ಅಷ್ಟು ತಿಂಗಳು ಕೈಯಲ್ಲಿ ಇರುವುದಿಲ್ಲ. ಅವಸರ ಇಲ್ಲದಿದ್ದರೆ 10 ಲಕ್ಷ ಮಾರ್ಚ್‌ನಲ್ಲಿ, 10 ಲಕ್ಷ ಏಪ್ರಿಲ್‌ನಲ್ಲಿ ಅಂತ ಎರಡು ಆರ್ಥಿಕ ವರ್ಷಕ್ಕೆ ಹಂಚಿದರೆ ಆ 20 ಲಕ್ಷಕ್ಕೆ ಟಿಸಿಎಸ್ ಬೀಳುವುದಿಲ್ಲ.

ಇಷ್ಟಕ್ಕೆ ಫೋನು ಮುಗಿಸಬಹುದಿತ್ತು. ತೆರಿಗೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೂ ಕೇಳಿದೆ: 'ನಾಕ ಎಕರೆ ಮಾರಿದ ಮ್ಯಾಲ ನಿಮಗೇನು ಉಳೀತದ?'

ಸ್ವಲ್ಪ ಹೊತ್ತು ಮಾತಿಲ್ಲ. 'ಮನಿ ಅದಲ್ರೀ' ಅಂದರು. ಹೊಲ ಇರುವುದೇ ನಾಲ್ಕು ಎಕರೆ. ಪಾಲಿಗೆ ಕೊಟ್ಟು ಬರುವ ತೊಗರಿ, ಜೋಳದಲ್ಲೇ ವರ್ಷ ಕಳೆಯುತ್ತದೆ.

ತಾಯಿ, ನಿಮ್ಮ ಹೆಸರಿನ ಹೊಲ, ನಿಮ್ಮ ಇಷ್ಟ. ಮಗಳಿಗೆ ಕೊಡಬೇಡಿ ಅನ್ನಲು ನಾನು ಯಾರು? ಆದರೆ ಅಲ್ಲಿಯ ಫ್ಲ್ಯಾಟ್ ಮಗಳು, ಅಳಿಯನ ಹೆಸರಿಗೆ ಇರುತ್ತದೆ. ನಾಳೆ ಅಳಿಯನ ಕೆಲಸ ಬದಲಾದರೆ ಅದನ್ನು ಮಾರಿ ಬರುತ್ತಾರೆ, ಆ ರೊಕ್ಕ ಅವರ ಮುಂದಿನ ಊರಿಗೆ ಹೋಗುತ್ತದೆ. ನಿಮಗೆ ತಿರುಗಿ ಹೊಲ ಬರುವುದಿಲ್ಲ. ಎರಡು ಎಕರೆ ಮಾರಿ, ಎರಡು ಉಳಿಸಿಕೊಳ್ಳುವ ಮಾತು ಮಗಳ ಹತ್ತಿರ ಆಡಿ ನೋಡಿ. ಆಕೆಗೂ ನಿಮ್ಮ ವರ್ಷದ ಖರ್ಚು ಹೇಗೆ ನಡೆಯುತ್ತದೆ ಅಂತ ಪೂರ್ತಿ ಗೊತ್ತಿರಲಿಕ್ಕಿಲ್ಲ.

ನಾಲ್ಕು ದಿನ ಬಿಟ್ಟು ಮಗಳೇ ಮೇಲ್ ಮಾಡಿದಳು. ಅಮ್ಮನ ಹತ್ತಿರ ಬೇರೆ ಹೊಲ ಇದೆ ಅಂತ ಆಕೆ ತಿಳಿದಿದ್ದಳಂತೆ. ಮದುವೆಗೆ ಮುಂಚೆ ಇತ್ತು, ಅಪ್ಪನ ಆಸ್ಪತ್ರೆ ಖರ್ಚಿಗೆ ಹೋದದ್ದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಈಗ ಚಿಕ್ಕ ಫ್ಲ್ಯಾಟ್ ನೋಡುತ್ತಿದ್ದಾರೆ. ಜೊತೆಗೆ ಆಕೆಯದೂ ಒಂದು ಪ್ರಶ್ನೆ: 'ಊರಿನ ಬ್ಯಾಂಕಿನಲ್ಲಿ ನನ್ನ ಹಳೆಯ ಎಫ್‌ಡಿ ಇದೆ, ಅದನ್ನು ತರಬಹುದಾ?'

ತರಬಹುದು ತಂಗೀ. 2023ರ ಡಿಸೆಂಬರ್ 31ಕ್ಕೆ ಅದರಲ್ಲಿ ಎಷ್ಟಿತ್ತು ಅಂತ ಬ್ಯಾಂಕಿನಿಂದ ಪ್ರಮಾಣಪತ್ರ ತೆಗೆದುಕೋ. ಅಷ್ಟು ಹಳೆಯ ಗಳಿಕೆ, ಅದಕ್ಕೆ ಅಲ್ಲಿ ತೆರಿಗೆ ಇಲ್ಲ. ಅದರ ನಂತರ ಕೂಡಿದ ಬಡ್ಡಿ ತಂದರೆ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕಡಿದ ಟಿಡಿಎಸ್ ಇದ್ದರೆ ಒಪ್ಪಂದದ ಪ್ರಕಾರ ಅಲ್ಲಿ ಕಳೆಯಲು ಕೇಳಬಹುದು. ಹಳೆಯದು, ಹೊಸದು ಒಂದೇ ಖಾತೆಯಲ್ಲಿ ಕಲಸಬೇಡ. ತಂದ ವರ್ಷದ ರಿಟರ್ನ್ ಮುಂದಿನ ಮಾರ್ಚ್ 31ರೊಳಗೆ. ಬಾಣಂತನಕ್ಕೆ ಅಂತ ತವರಿಗೆ ಬಂದು, ಒಂದು ವರ್ಷದಲ್ಲಿ ಅಲ್ಲಿ 180 ದಿನ ಆಗದಿದ್ದರೆ, ಆ ವರ್ಷದ ಹೊರಗಿನ ಗಳಿಕೆ ಈ ನಿಯಮಕ್ಕೆ ಸಿಗುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆಗಳ ಫೋಟೊ ತೆಗೆದಿಡು.

ಹೊರಗೆ ಮಕ್ಕಳಿರುವ ಮನೆಯವರೆಲ್ಲಾ ಒಂದು ಫೈಲು ಮಾಡಿಡಿ: ಯಾರು, ಯಾವ ದಿನ, ಯಾರಿಗೆ, ಯಾತಕ್ಕೆ ಕಳಿಸಿದರು. ಹುಂಡಿಯವನು ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಅಂದರೂ ಬೇಡ; ಅವನ ರೊಕ್ಕಕ್ಕೆ ಕಾಗದ ಇರುವುದಿಲ್ಲ, ಕಾಗದ ಇಲ್ಲದ ರೊಕ್ಕವನ್ನು ಮೂಲ ಗೊತ್ತಿಲ್ಲದ ಆದಾಯ ಅಂತ ಹಿಡಿದರೆ ಭಾರಿ ತೆರಿಗೆ ಕಟ್ಟಬೇಕಾಗುತ್ತದೆ. ದೊಡ್ಡ ಮೊತ್ತವಾದರೆ ಚಾರ್ಟರ್ಡ್ ಅಕೌಂಟೆಂಟರಿಗೆ ಒಮ್ಮೆ ತೋರಿಸಿ.

ಮುಂದಿನ ಸಲ ಚಿತಾಪುರದ ಓದುಗರೊಬ್ಬರು ಕೇಳಿದ ಜಂಟಿ ಖಾತೆ ಮತ್ತು ನಾಮಿನಿಯ ಪ್ರಶ್ನೆ ತೆಗೆದುಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ಬರೆಯಿರಿ. ಹೆಸರು ಹಾಕುವುದಿಲ್ಲ, ತಾಲೂಕಿನ ಹೆಸರು ಮಾತ್ರ.